ಕುಂತ ಗಾಡಿ

ನಮ್ಮ ಮನೆಗೆ ಟಿವಿಗಿಂತ ಮೊದಲು ಗಾಡಿ ಬಂದ ಕಾಲ ಅದು. ಹುಮನಾಬಾದ್ ಬಿಟ್ಟು ಹೈದರಾಬಾದಿಗೆ ಬಂದು ವರ್ಷವಾಗಿತ್ತು. ಊರ ಕಡೆಯಿಂದ ಜೋಳದ ಚೀಲ ತಂದು ಇಲ್ಲಿನ ಖಾನಾವಳಿಗಳಿಗೆ ಹಾಕುವುದು ಅಪ್ಪನ ವ್ಯಾಪಾರ. ಅದಕ್ಕೆಂದೇ ಯಾರೋ ಓಡಿಸಿ ಬಿಟ್ಟ ದೊಡ್ಡ ಜೀಪೊಂದನ್ನು ಕೊಂಡಿದ್ದ. ಹಿಂದೆ ಎದುರುಬದುರಾಗಿ ಎರಡು ಉದ್ದನೆಯ ಸೀಟು. ಚೀಲ ಇಳಿಸಿದ ಮೇಲೂ ಒಳಗೆಲ್ಲ ಜೋಳದ ಧೂಳಿನ ವಾಸನೆ.

ನಾಚಾರಂನ ಬಾಡಿಗೆ ಮನೆಯ ಮುಂದೆ ಅದು ನಿಂತಾಗಲೆಲ್ಲ ನಾನು ಕಂಡಕ್ಟರ್, ತಮ್ಮ ಬಸು ಪ್ಯಾಸೆಂಜರ್. "ನಾಂಪಲ್ಲಿ, ನಾಂಪಲ್ಲಿ!" ಎಂದು ಕೂಗುತ್ತಿದ್ದೆ. ಅವನು ಹಿಂದಿನ ಸೀಟಿನ ಅದೇ ಮೂಲೆ ಹಿಡಿದು ಕೂರುತ್ತಿದ್ದ. ಬಸು ಗುಂಡಗಿದ್ದ. ಊರಿನಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಅವನನ್ನು ತೊಡೆಯಿಂದ ಇಳಿಸದೆ ಬೆಣ್ಣೆ ರೊಟ್ಟಿ ತಿನ್ನಿಸಿ ಸಾಕಿದ್ದಳು. ಆಯಿ ಊರಲ್ಲೇ ಉಳಿದಳು. ಅವನು ಇಲ್ಲಿ ನಿದ್ದೆಗಣ್ಣಿನಲ್ಲಿ ಅವಳನ್ನೇ ಕರೆಯುತ್ತಿದ್ದ.

ಆ ಬೇಸಿಗೆಯಲ್ಲಿ ಗಾಡಿಯ ಹಿಂಭಾಗ ಇಳಿಯತೊಡಗಿತು. ಖಾಲಿಯಿದ್ದರೂ ಮೂತಿ ಮೇಲೆ, ಬಾಲ ಕೆಳಗೆ. ರಸ್ತೆಯಲ್ಲಿ ತಗ್ಗು ಬಂದರೆ ಚಕ್ರ ಮೇಲಿನ ತಗಡಿಗೆ ತಾಗಿ ಕರ್ರೆನ್ನುತ್ತಿತ್ತು. ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾರ್ಖಾನೆಗಳ ಹಿಂದಿದ್ದ ಒಂದು ರಿಪೇರಿ ಶೆಡ್ಡಿಗೆ ಒಯ್ದ. ಅಲ್ಲಿಯ ಉಸ್ತಾದ ಬಗ್ಗಿ, ಚಕ್ರದ ಬಳಿಯ ಕಬ್ಬಿಣದ ಪಟ್ಟಿಗಳನ್ನು ತಟ್ಟಿ ನೋಡಿದ.

"ಪೀಛೆ ಕಾ ಕಮಾನ್ ಪೂರಾ ಬೈಠ್ ಗಯಾ, ಸೇಟ್."

ಬಿಲ್ಲಿನಂತೆ ಬಾಗಿರಬೇಕಾದ ಪಟ್ಟಿ ಭಾರಕ್ಕೆ ಚಪ್ಪಟೆಯಾದರೆ ಇಲ್ಲಿ ಹಾಗೆನ್ನುತ್ತಾರೆ, ಕೂತುಬಿಟ್ಟಿತು ಎಂದು. ಎಲ್ಲ ಚೀಲಗಳ ಪ್ರತಾಪ ಎಂದೂ ಅವನು ಅಪ್ಪನಿಗೆ ಹೇಳಿದ. ನನಗೆ ತಿಳಿಯಿತು. ಬಸುವಿಗೆ ಆ ಭಾಷೆ ಇನ್ನೂ ಬರುತ್ತಿರಲಿಲ್ಲ.

"ಅಕ್ಕಾ, ಏನಂದ ಅಂವ?"

"ಗಾಡಿ ಕುಂತೈತಂತ."

"ಯಾಕ?"

"ನೀ ಕುಂತಿ, ಅದಕ್ಕ ಅದೂ ಕುಂತೈತಿ. ಅಷ್ಟಷ್ಟು ರೊಟ್ಟಿ ತಿಂದು ಒಂದ ಮೂಲ್ಯಾಗ ಕುಂಡ್ರತಿ. ಪಾಪ, ಅದರ ಏನ್ ಮಾಡೀತು?"

ಉಸ್ತಾದ ತರಿಸಿಕೊಟ್ಟ ಚಹಾದಲ್ಲಿ ಬಿಸ್ಕೀಟು ಅದ್ದುತ್ತ ನಾನು ನಕ್ಕೆ. ಅವನು ನಗಲಿಲ್ಲ. ತನ್ನ ಬಿಸ್ಕೀಟನ್ನು ನನ್ನ ಬಸಿಯಲ್ಲಿಟ್ಟ.

ಗಾಡಿಯನ್ನು ಜಾಕಿನ ಮೇಲೆತ್ತಿ, ತುಕ್ಕು ಹಿಡಿದ ಬೋಲ್ಟುಗಳನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಿದರು. ಪಟ್ಟಿಗಳನ್ನು ನೆಲಕ್ಕೆ ಹರವಿದಾಗ ಒಂದು ಸೀಳಿಹೋಗಿತ್ತು. ಅದರ ಜಾಗಕ್ಕೆ ಹೊಸದು, ಮೇಲೊಂದು ಹೆಚ್ಚಿನದು, ನಡುವೆ ಕೈತುಂಬ ಗ್ರೀಸು. ಸಂಜೆಗೆ ಕೆಳಗಿಳಿಸಿದಾಗ ಗಾಡಿ ಬಾಲವೆತ್ತಿ ನಿಂತಿತ್ತು. ಬಸು ಚಪ್ಪಾಳೆ ತಟ್ಟಿದ. "ಅಕ್ಕಾ, ಎದ್ದು ನಿಂತೈತಿ!"

"ಥೋಡೇ ದಿನ್ ವಜನ್ ನಕ್ಕೋ ಡಾಲೋ," ಎಂದ ಉಸ್ತಾದ. ಸ್ವಲ್ಪ ದಿನ ಭಾರ ಹಾಕಬೇಡಿ ಎಂದು. ವಜನ್ ಎಂಬುದು ನಮ್ಮ ಮನೆಯಲ್ಲಿ ದಿನವೂ ಆಡುವ ಮಾತು. ಅಷ್ಟನ್ನು ಬಸುವಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಯವರೆಗೂ ಅವನು ಮೇಲಿನ ಸರಳಿಗೆ ಜೋತುಬಿದ್ದು ತುದಿಗಾಲಲ್ಲಿ ನಿಂತೇ ಬಂದ. ರಾತ್ರಿ ಅರ್ಧ ರೊಟ್ಟಿಗೆ ಎದ್ದ. "ಹೊಟ್ಟಿ ಕೆಟ್ಟೈತೇನೋ?" ಎಂದಳು ಅವ್ವ. ನನಗೆ ಕಾರಣ ಗೊತ್ತಿತ್ತು. ಮಜಾ ಅನಿಸಿತು. ಮರುದಿನವೂ ಅವನ ಕಿವಿಯಲ್ಲಿ, "ಗಾಡಿ ಇನ್ನೊಂದೀಟು ಮ್ಯಾಲ ಎದ್ದೈತಿ ನೋಡು," ಎಂದೆ.

ಅದೇ ವಾರ ಊರಿಂದ ಪಕ್ಕದ ಮನೆಗೆ ಫೋನು ಬಂತು. ಆಯಿಗೆ ಕಾಯಿಲೆ ಭಾಳ ಜೋರಾಗಿದೆ, ಕೂಡಲೇ ಹೊರಡಿ ಎಂದು. ಅವ್ವ ಕೈಗೆ ಸಿಕ್ಕ ಸೀರೆ ಚೀಲಕ್ಕೆ ತುರುಕಿಕೊಂಡು ಗಾಡಿ ಹತ್ತಿದಳು. ಬಸು ಮಾತ್ರ ಗೇಟಿನ ಕಂಬ ತಬ್ಬಿ ನಿಂತ.

"ನಾ ಬರಂಗಿಲ್ಲ."

"ಆಯಿ ನಿನ್ನ ಹೆಸರ ತಗೊಳ್ಳಾಕತ್ತಾಳಂತೋ, ಹತ್ತು!" ಅಪ್ಪ ಕೂಗಿದ.

"ನಾ ಬರಂಗಿಲ್ಲಪಾ. ನೀವು ಲಗೂನ ಹೋಗ್ರಿ."

ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಅಪ್ಪ ಕೈ ಎತ್ತಿದ. ನಾನು ಚೇಷ್ಟೆಗೆ ಹೇಳಿದ್ದು, ಅವನ ಭಾರದಿಂದ ಏನೂ ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಆ ಕೈ ನನ್ನ ಕಡೆ ತಿರುಗುತ್ತಿತ್ತು. ನಾನು ಸೀಟಿನ ಒಳಕ್ಕೆ ಸರಿದು ಕೂತೆ. ಹೊತ್ತಾಗುತ್ತದೆಂದು ಅವ್ವ ಅವನನ್ನು ಪಕ್ಕದ ಮನೆಯ ಅಮ್ಮನ ಕೈಗೊಪ್ಪಿಸಿದಳು. ಗಾಡಿ ಹೊರಟಾಗ ಅವನು ನಮ್ಮನ್ನು ನೋಡಲಿಲ್ಲ, ಹಿಂದಿನ ಚಕ್ರ ನೋಡುತ್ತಿದ್ದ.

ನಾವು ಊರು ಮುಟ್ಟಿದಾಗ ಆಯಿಗೆ ಎಚ್ಚರವಿತ್ತು. ನಮ್ಮ ಬೆನ್ನ ಹಿಂದೆ ಬಾಗಿಲು ನೋಡಿದಳು. "ಸಣ್ಣಾಂವ?"

"ಬರತಾನ ಯವ್ವಾ, ಹಿಂದಿನ ಬಸ್ಸಿಗೆ," ಎಂದ ಅಪ್ಪ. ಬಸುವನ್ನು ಕರೆತರಲು ತನ್ನ ತಮ್ಮನನ್ನು, ನಮ್ಮ ಕಾಕಾನನ್ನು, ಕಳಿಸಿದ. ಅವರು ಬರುವ ಮೊದಲೇ ಆಯಿ ಹೋದಳು.

ಈಗ ಗಾಡಿ ಇಲ್ಲ, ಅಪ್ಪ ಅವ್ವ ಇಲ್ಲ. ಬಸು ಹಿಮಾಯತ್‌ನಗರದ ಬಟ್ಟೆ ಅಂಗಡಿಯೊಂದರಲ್ಲಿದ್ದಾನೆ. ಹೋದ ಹಬ್ಬಕ್ಕೆ ಮನೆಗೆ ಬಂದಾಗ ನನ್ನ ಮಕ್ಕಳಿಗೆ ಹೇಳುತ್ತಿದ್ದ: "ನಾ ಸಣ್ಣಾಂವಿದ್ದಾಗ ಭಾಳ ಹಟಮಾರಿ. ಸಾಯೂ ಆಯೀನ ನೋಡಾಕೂ ಹೋಗ್ಲಿಲ್ಲ, ಎಂಥಾ ಕಲ್ಲ ಮನಸಿನಾಂವ ಇದ್ದೆ ನೋಡ್ರಿ." ಮನೆಯವರೆಲ್ಲ ವರ್ಷಗಟ್ಟಲೆ ಹಾಗೆ ಹೇಳಿ ಹೇಳಿ ಅವನೂ ನಂಬಿದ್ದಾನೆ. ನನ್ನ ಮಾತು ಅವನ ನೆನಪಿನಲ್ಲೇ ಇಲ್ಲ. ಆ ಹಬ್ಬದ ದಿನವೂ ನಿಜ ಹೇಳದೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಊರಿನ ಶಾಲೆಯಲ್ಲಿ ಐದನೇ ತರಗತಿಯವರೆಗೆ ಕಲಿತ ಅಕ್ಷರದಲ್ಲಿ ಇಷ್ಟು ಬರೆದಿದ್ದೇನೆ. ಬಸು ತೆಲುಗು ಶಾಲೆಯಲ್ಲಿ ಓದಿದವನು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ಬರೆಯಲು ಧೈರ್ಯ ಬಂತು.