ಹೂಂ ಅನ್ನದ ಪುರಾಣ

ಮನೂರಿನ ಆಸುಪಾಸಿನಲ್ಲಿ ಕಂಬಳಿ ನೇಯುವವರು ಬೇಕಾದಷ್ಟು ಮಂದಿ ಇದ್ದರು. ಕಂಬಳಿಯನ್ನೂ ನೇಯ್ದು ಪುರಾಣವನ್ನೂ ಓದುವವನು ಖಂಡೆಪ್ಪ ಒಬ್ಬನೇ. ಆಗ ನಿಜಾಮನ ಕಾಲ. ಶಾಲೆಗೆ ಹೋದವನಿಗೆ ಉರ್ದು ಬರುತ್ತಿತ್ತು, ಹೋಗದವನಿಗೆ ಏನೂ ಬರುತ್ತಿರಲಿಲ್ಲ. ಖಂಡೆಪ್ಪ ಶಾಲೆಯ ಕಟ್ಟೆ ಹತ್ತದೆಯೇ ಕನ್ನಡ ಕಲಿತವನು. ಕುರಿ ಕಾಯುವ ವಯಸ್ಸಿನಲ್ಲಿ ಮಠದ ಅಯ್ಯನವರೊಬ್ಬರು ಕೋಲಿನಿಂದ ಮಣ್ಣಿನ ಮೇಲೆ ಅಕ್ಷರ ಗೀಚಿ ತೋರಿಸುತ್ತಿದ್ದರು. ಅವರು ಎದ್ದುಹೋದ ಮೇಲೆ ಆ ಅಕ್ಷರಗಳನ್ನು ಕುರಿ ತುಳಿಯದಂತೆ ಸುತ್ತ ಕಲ್ಲಿಟ್ಟು, ಬಾಯಿಗೆ ಬರುವ ತನಕ ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಆ ಹಮ್ಮು ಅವನಿಗೆ ಸಾಯುವವರೆಗೂ ಇತ್ತು. ಇರಬೇಕಾದದ್ದೇ. ಇನ್ನೊಬ್ಬರು ಕೂಡಿಸಿ ಉಣ್ಣಿಸಿದ ವಿದ್ಯೆ ಬೇರೆ, ಮಣ್ಣಿನಿಂದ ಹೆಕ್ಕಿಕೊಂಡ ವಿದ್ಯೆ ಬೇರೆ.

ನೂಲು ಹಾಸಿ, ಹುಣಸೆ ಬೀಜದ ಗಂಜಿ ಬಳಿದು ಒಣಗಲು ಬಿಟ್ಟ ಮಧ್ಯಾಹ್ನಗಳಲ್ಲಿ ಅವನ ಪಡಸಾಲೆ ತುಂಬುತ್ತಿತ್ತು. ಹೆಂಗಸರು ಉಣ್ಣೆ ನೂಲುತ್ತ ಕೂತರೆ ಖಂಡೆಪ್ಪ ಪುಸ್ತಕ ಬಿಚ್ಚುತ್ತಿದ್ದ. ಅವನದು ಒಂದೇ ನೇಮ: ಒಂದಕ್ಷರ ಕೂಡಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ. ಹೂಂ ಅನ್ನುವ ಕೆಲಸ ಭೀಮವ್ವನದು. ಭೀಮವ್ವ ಅವನಿಗೆ ಚಿಗವ್ವ ಆಗಬೇಕು, ಗಂಡ ಸತ್ತ ಮುದುಕಿ. ಓದುವವನು ಒಂದು ಮಾತು ಮುಗಿಸಿದರೆ ಕೇಳುವವರ ಪೈಕಿ ಒಬ್ಬರು ಹೂಂ ಅನ್ನಲೇಬೇಕು. ಹೂಂ ಅಂದರೆ ಕೇಳಿಸಿತು ಎಂದಷ್ಟೇ ಅಲ್ಲ, ಒಪ್ಪಿದೆ, ಮುಂದೆ ನಡೆ ಎಂದು. ಭೀಮವ್ವನ ಹೂಂ ಇಲ್ಲದೆ ಖಂಡೆಪ್ಪನ ಗಂಟಲು ಹೊರಡುತ್ತಿರಲಿಲ್ಲ.

ಜಹೀರಾಬಾದಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ಆ ಸಲ ಮಗಳು ಮಾಣಿಕಮ್ಮ ಝರಾಸಂಗಮದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹಿಂದಿನ ವರ್ಷ ಒಂದು ಬಸುರು ನಿಲ್ಲದೆ ಹೋಗಿತ್ತು. ಈ ಸಲ ಏನೂ ಎಡವಟ್ಟಾಗದಿರಲೆಂದು ಅವಳ ತಾಯಿ ಶರಣಬಸಮ್ಮ ಹರಕೆ ಹೊತ್ತಳು: ಮನೆಯಲ್ಲಿ ಪುರಾಣ ಹಚ್ಚಿಸುತ್ತೇನೆ, ನೋವು ಬರುವ ಮೊದಲು ಮಂಗಳ ಹಾಡಿಸುತ್ತೇನೆ. ನಮ್ಮ ಕಡೆ ಪುರಾಣವನ್ನು ಓದಲು ಶುರುಮಾಡುವುದಲ್ಲ, ಹಚ್ಚುವುದು, ದೀಪ ಹಚ್ಚಿದ ಹಾಗೆ. ಹಚ್ಚಿದ ಮೇಲೆ ಮಂಗಳ ಹಾಡಿಯೇ ಮುಗಿಸಬೇಕು. ನಡುವೆ ಬಿಟ್ಟರೆ ಹಚ್ಚಿದ ಮನೆಗೇ ಕೇಡು.

"ಮನ್ಯಾಗಿನವು ಎಲ್ಲಾ ಹಳೇವು ಆಗ್ಯಾವ. ಹೊಸಾದು ತರ್ರಿ," ಎಂದಳು ಶರಣಬಸಮ್ಮ.

ಕಂಬಳಿ ಮಾರಲು ಜಹೀರಾಬಾದಿಗೆ ಹೋದ ಖಂಡೆಪ್ಪ ಹಣಮಯ್ಯನ ಕೋಣೆ ಹೊಕ್ಕ. ಹಣಮಯ್ಯ ರೈಲಿನ ಮಾಲು ಗೋದಾಮಿನಲ್ಲಿ ಗುಮಾಸ್ತ. ಬಾಡಿಗೆ ಕೋಣೆಯೊಂದರಲ್ಲಿ ಕನ್ನಡ ಪುಸ್ತಕ ಕೂಡಿಟ್ಟು ಕೇಳಿದವರಿಗೆಲ್ಲ ಕೊಡುತ್ತಿದ್ದ. ಅವತ್ತು ಮಾಲುಗಾಡಿ ಬಂದು ನಿಂತಿತ್ತು, ಅವನಿಗೆ ಪುರುಸೊತ್ತಿಲ್ಲ. ರಟ್ಟು ಹರಿದ, ಕಿರುಬೆರಳಷ್ಟು ದಪ್ಪದ ಒಂದು ಪುಸ್ತಕ ಕೈಗಿಟ್ಟು ಹೇಳಿದ:

"ಪರದೇಶದ ದೊಡ್ಡ ಗ್ರಂಥ ಅದ ಖಂಡೆಪ್ಪ, ಕನ್ನಡಕ್ಕ ತಂದಾರ. ಇದನ್ನ ಓದಿದಂವ ಮೊದಲಿನಂಗ ಉಳಿಯಂಗಿಲ್ಲ ನೋಡು."

ಖಂಡೆಪ್ಪನಿಗೆ ಇಷ್ಟೇ ಸಾಕಾಯಿತು. ಓದಿದವನು ಮೊದಲಿನಂತೆ ಉಳಿಯುವುದಿಲ್ಲ ಎಂದರೆ ಪಾಪ ಕಳೆಯುತ್ತದೆ ಎಂದೇ ಅಲ್ಲವೆ! ಹಚ್ಚುವ ಮೊದಲು ಪುರಾಣವನ್ನು ಬಿಚ್ಚಿ ನೋಡಬಾರದು. ಹಾಗಾಗಿ ದಾರಿಯುದ್ದಕ್ಕೂ ಕಂಬಳಿಯಲ್ಲಿ ಸುತ್ತಿಕೊಂಡೇ ತಂದ.

ಮರುದಿನ ಪುಸ್ತಕಕ್ಕೆ ಭಂಡಾರದ ಅರಿಶಿನ ಹಚ್ಚಿದರು, ಹೂ ಏರಿಸಿದರು, ಕಾಯಿ ಒಡೆದರು. ಮಾಣಿಕಮ್ಮನನ್ನು ಗೋಡೆಗೆ ಆನಿಸಿ ಎದುರಿಗೇ ಕೂಡಿಸಿದರು, ಹೊಟ್ಟೆಯೊಳಗಿನ ಕೂಸಿಗೂ ಕೇಳಲಿ ಎಂದು. ಖಂಡೆಪ್ಪ ಕೈಮುಗಿದು ಬಿಚ್ಚಿದ. ಸ್ತುತಿಯಿಲ್ಲ, ಪದ್ಯವಿಲ್ಲ. ಮೊದಲ ಸಾಲೇ ಹೀಗಿತ್ತು: "ನನ್ನ ಉಗುರುಗಳನ್ನು ನಾನು ತೆಗೆಯುವುದಿಲ್ಲ. ತಾವಾಗಿಯೇ ಮುರಿದು ಬೀಳಲಿ ಎಂದು ಬಿಟ್ಟಿದ್ದೇನೆ."

"ಹೂಂ," ಎಂದಳು ಭೀಮವ್ವ. "ಯಾವ ಋಷಿಯೋ ತಮ್ಮಾ, ಇಂವ?"

"ತಪಸ್ಸಿಗೆ ಕುಂತಿರಬೇಕು ಚಿಗವ್ವ."

ಅದು ಹಿಮ ಬೀಳುವ ಯಾವುದೋ ದೇಶ. ಹಿಮ ಎಂದ ಕೂಡಲೇ ಕೈಲಾಸದ ಬಾಜೂದ ಸೀಮೆ ಎಂದು ಎಲ್ಲರೂ ತಲೆಯಾಡಿಸಿದರು. ಊರ ಹೊರಗೆ ದೊಡ್ಡ ಧಾನ್ಯದ ಗೋದಾಮು, ಅದನ್ನು ಕಾಯುವ ಒಬ್ಬ ಗಂಡಸು. ಮೈ ತೊಳೆಯುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಬೆಂಕಿಯ ಮುಂದೆ ತುಪ್ಪಳದ ಕೋಟು ಹೊದ್ದು ಕೂತು, ಇದ್ದರೆಷ್ಟು ಹೋದರೆಷ್ಟು ಎಂದು ತನ್ನೊಳಗೇ ತಾನು ಗುನುಗುತ್ತಾನೆ. ತಿಂದ ರೊಟ್ಟಿಯ ಚೂರನ್ನು ಹಲ್ಲಿನಿಂದ ಕಡ್ಡಿ ಹಾಕಿ ತೆಗೆದು ನೋಡಿ ಮತ್ತೆ ತಿನ್ನುತ್ತಾನೆ. ಇಂಥದ್ದೇ ಹಾಳೆಗಟ್ಟಲೆ. ಖಂಡೆಪ್ಪನ ನಾಲಿಗೆಗೆ ಏನೋ ಜಿಡ್ಡು ಮೆತ್ತಿದಂತಾಯಿತು. ಆದರೂ ದೊಡ್ಡ ತಪಸ್ವಿಗಳು ಹೀಗೇ ಹೊಲಸಾಗಿ ಇರುತ್ತಾರೆಂದು ತನಗೆ ತಾನೇ ಹೇಳಿಕೊಂಡು ಓದಿದ. ಕಡೆಗೆ ಹಿಮದ ಬಿರುಗಾಳಿ ಎದ್ದಿತು. ಯಾರೋ ಬಾಗಿಲು ಬಡಿದರು.

ಭೀಮವ್ವ ನೂಲುವುದನ್ನು ಬಿಟ್ಟು ತೊಡೆ ತಟ್ಟಿದಳು. "ಬಂದ ನೋಡು! ಶಿವ ಬಂದ, ಜಂಗಮನ ವೇಷದಾಗ ಪರೀಕ್ಷಾ ಮಾಡಾಕ ಬಂದ!"

"ಹೆಂಗಸಿನ ದನಿ ಅಂತ ಅದ ಚಿಗವ್ವ."

"ಹಂಗಾದ್ರ ಗೌರಿನೇ ಬಂದಾಳ. ಸಾಕು, ಇವತ್ತು ಇಲ್ಲಿಗೇ ಬಿಡು. ದೇವರು ಬಂದ ಹೊತ್ತಿಗೆ ಎದ್ರ ಛೊಲೊ."

ಎಲ್ಲರೂ ಪುಸ್ತಕಕ್ಕೆ ಕೈಮುಗಿದು ಎದ್ದರು.

ಖಂಡೆಪ್ಪನಿಗೆ ಮಾತ್ರ ತಡೆಯಲಿಲ್ಲ. ಮರುದಿನ ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಗಂಜಿಯ ಮಡಕೆ ಪಕ್ಕಕ್ಕಿಟ್ಟು, ಮುಂದಿನದನ್ನು ಒಳಗೊಳಗೇ ಓದಿದ. ಅದೇ ಅವನ ಕೇಡಾಯಿತು. ಗೋದಾಮಿನವನು ಏಳಲಿಲ್ಲ. "ತೆಗಿ, ನಾನು ಒಬ್ಬಳೇ ಇಲ್ಲ," ಎಂದಿತು ಹೊರಗಿನ ದನಿ. ಹಾಗಾದರೆ ಇಬ್ಬರಿದ್ದಾರೆ, ಎರಡು ಕಾಟ ಎಂದುಕೊಂಡ ಅವನು. ತೆಗೆದರೂ ಅಷ್ಟೆ, ತೆಗೆಯದಿದ್ದರೂ ಅಷ್ಟೆ, ಎಲ್ಲರೂ ಒಂದು ದಿನ ಸಾಯುವವರೇ ಎಂದ. ಬೆಂಕಿಗೆ ಕಟ್ಟಿಗೆ ಇಟ್ಟ. ಬಡಿತ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಎಷ್ಟು ಮೆತ್ತಗಾಗುತ್ತಿದೆ ಎಂದು ಹಾಡು ಕೇಳಿದ ಹಾಗೆ ಕಿವಿಗೊಟ್ಟು ಕೇಳಿದ. ರೊಟ್ಟಿ ತಿಂದ. ಬೆಳಗಾದ ಮೇಲೆ ಬಾಗಿಲು ತಳ್ಳಿದರೆ ಬಾಗಿಲು ತೆರೆಯಲಿಲ್ಲ. ಆಚೆಯಿಂದ ಏನೋ ಒರಗಿಕೊಂಡು ಬಿದ್ದಿತ್ತು.

ಹುಳಿತ ಗಂಜಿಯ ವಾಸನೆ ಹುಟ್ಟಿದಾಗಿನಿಂದ ಕುಡಿದ ಗಾಳಿ ಖಂಡೆಪ್ಪನಿಗೆ, ಅವತ್ತು ಅದೂ ಹೆಣದ ವಾಸನೆಯಂತೆ ಮೂಗಿಗೆ ಅಡರಿತು. ಎದ್ದು ಹಿತ್ತಲಿಗೆ ಓಡಿ ಉಂಡ ರೊಟ್ಟಿಯನ್ನೆಲ್ಲ ಕಾರಿದ. ಬಾಯಿ ಮುಕ್ಕಳಿಸಿ ಬಂದು ಮಾಡಿದ್ದೇನು? ಮತ್ತೆ ಪುಸ್ತಕ ಹಿಡಿದ! ಆ ಹೇಸಿ ಮುಂದೇನು ಮಾಡಿದನೋ ಎಂದು ಕಡೆಯ ಹಾಳೆಯವರೆಗೂ ಒಂದೇ ಉಸಿರಿಗೆ ಓದಿದ. ಬರೆದವನ ಕೈ ಅಷ್ಟು ಚೆಂದವಿತ್ತು. ಓದಿ ಮುಗಿಸಿದ ಮೇಲೆ ಅವನಿಗೆ ಗೋದಾಮಿನವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ತನ್ನ ಮೇಲೆಯೇ ಬಂತು. ಆಕೆ ಹೊರಗೆ ಬಡಿಯುತ್ತಿದ್ದಾಗ ತಾನೂ ಬೆಚ್ಚಗೆ ಕುಣಿಯಲ್ಲಿ ಕೂತು ಹಾಳೆ ತಿರುವಿದೆನಲ್ಲ. ಅವನು ಕಿವಿಗೊಟ್ಟು ಕೇಳಿದ, ತಾನು ಕಣ್ಣುಗೊಟ್ಟು ಓದಿದೆ. ವ್ಯತ್ಯಾಸವೇನು?

ಇನ್ನು ಇದನ್ನು ಮಗಳ ಮುಂದೆ ಓದುವುದು ಹೇಗೆ? ಹಚ್ಚಿದ್ದನ್ನು ಬಿಟ್ಟರೆ ಅವಳಿಗೇ ಕೇಡು. ಓದಿದರೆ ಈ ಕೊಚ್ಚೆ ಅವಳ ಕಿವಿಯಿಂದ ಇಳಿದು ಕೂಸಿಗೆ ಮುಟ್ಟುತ್ತದೆ. ಖಂಡೆಪ್ಪ ಜನ್ಮದಲ್ಲಿ ಮಾಡದ ಕೆಲಸಕ್ಕೆ ಕೈಹಾಕಿದ. ಆ ಮಧ್ಯಾಹ್ನ ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದ: ಗೋದಾಮಿನವನು ಎದ್ದ, ಅಗುಳಿ ತೆಗೆದ, ಹೊರಗಿದ್ದ ಹೆಂಗಸನ್ನು ಒಳಗೆ ಕರೆದ, ಕಂಬಳಿ ಹಾಸಿದ, ಬಿಸಿ ಅಂಬಲಿ ಕೊಟ್ಟ.

"ಹೂಂ," ಎಂದಳು ಭೀಮವ್ವ, ಆದರೆ ಎಳೆದು. "ಆ ದೇಶದಾಗ ಕಂಬಳಿ ಎಲ್ಲಿಂದ ಬಂತೋ ತಮ್ಮಾ? ನಿನ್ನಿ ತುಪ್ಪಳದ ಕೋಟು ಅಂದಿ."

"ಕುರಿ ಇದ್ದಲ್ಲಿ ಕಂಬಳಿ ಇರ್ತದ ಚಿಗವ್ವ."

"ಅಂಬಲಿ ಭೀ ಇರ್ತದೇನು? ಬೇಶ್ ಆತು. ನಾಳಿ ಪುಂಡಿಪಲ್ಯಾನೂ ಮಾಡಿಸು ಅಂವನ ಕೈಲಿ."

ಹೆಂಗಸರು ನಕ್ಕರು. ಮಾಣಿಕಮ್ಮ ನಗಲಿಲ್ಲ. ಎಲ್ಲರೂ ಹೋದ ಮೇಲೆ ಅಪ್ಪನ ಎದುರಿಗೆ ಕೈಯೂರಿ ಮೆಲ್ಲಗೆ ಕೂತಳು.

"ಅಪ್ಪಾ, ಅಷ್ಟು ಹೊತ್ತು ಓದಿದಿ, ಒಂದು ಹಾಳಿ ಭೀ ತಿರುವಲಿಲ್ಲ."

ಖಂಡೆಪ್ಪ ಪುಸ್ತಕ ಮುಚ್ಚಿ ಕಂಬಳಿಯಲ್ಲಿ ಸುತ್ತತೊಡಗಿದ.

"ಅಂವ ಬಾಗಿಲಾ ತೆಗೀಲಿಲ್ಲ, ಹೌದಿಲ್ಲೋ?"

"ನಿನಗ್ಯಾಕವ್ವ ಅದು? ಅದು ಪುರಾಣನೇ ಅಲ್ಲ. ಹೊಲಸು. ಅಕಿ ಹೊರಗ ನಿಂತು, ನಾನು ಒಬ್ಬಾಕೇ ಇಲ್ಲ ಅಂದ್ಲು. ಜೋಡಿ ಯಾರಿದ್ರೋ ಅದೂ ಬರ್ದಿಲ್ಲ. ಇಬ್ಬರೂ ಸತ್ರು."

ಮಾಣಿಕಮ್ಮನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. "ಜೋಡಿ ಯಾರೂ ಇದ್ದಿಲ್ಲಪ್ಪ. ಅಕಿ ಬಸುರಿ ಇದ್ಲು."

ಖಂಡೆಪ್ಪ ಕಡೆಯ ಅಕ್ಷರದವರೆಗೂ ಓದಿದ್ದ. ಇಷ್ಟು ಮಾತ್ರ ಅವನಿಗೆ ಓದಲು ಬಂದಿರಲಿಲ್ಲ.

"ನಾಳಿ ಇದ್ದದ್ದು ಇದ್ದಂಗ ಓದು," ಎಂದಳು ಮಗಳು.

"ನಿನ್ನ ಕೂಸಿಗೆ ಏನರೆ ಆದ್ರ?"

"ಅಕಿ ಹೊರಗ ನಿಂತಾಳಪ್ಪ. ನೀ ಸುಳ್ಳು ಓದಿದ್ರ ಅಕಿ ಬಂದಿದ್ಲು ಅನ್ನೋದು ಭೀ ಯಾರಿಗೂ ಗೊತ್ತಾಗಂಗಿಲ್ಲ. ಅಂವ ತೆಗೀಲಿಲ್ಲ, ನಾವು ಭೀ ತೆಗೀದಿದ್ರ ಹೆಂಗ?"

ಮರುದಿನ ಖಂಡೆಪ್ಪ ನಿನ್ನೆಯದು ಸುಳ್ಳೆಂದು ಎಲ್ಲರ ಮುಂದೆ ಹೇಳಿ, ಬಾಗಿಲು ಬಡಿದಲ್ಲಿಂದ ಮತ್ತೆ ಹಿಡಿದ. ಗೋದಾಮಿನವನು ಏಳಲಿಲ್ಲ ಎಂದು ಓದಿದ. ಹೂಂ ಬರಲಿಲ್ಲ. ಬೆಂಕಿಗೆ ಕಟ್ಟಿಗೆ ಇಟ್ಟ ಎಂದು ಓದಿದ. ಪಡಸಾಲೆಯಲ್ಲಿ ನೂಲುವ ಕದಿರಿನ ಸದ್ದೂ ಇರಲಿಲ್ಲ. ಅವನು ಓದು ನಿಲ್ಲಿಸಿದ.

"ಹೂಂ ಅನ್ನು ಚಿಗವ್ವ."

"ಅನ್ನಂಗಿಲ್ಲ," ಎಂದಳು ಭೀಮವ್ವ. "ಇದಕ್ಕ ಹೂಂ ಅಂದ್ರ ನಾ ಭೀ ಹೋಗಿ ಅಂವನ ಬಾಜೂ ಬೆಂಕಿ ಕಾಸ್ಕೋತ ಕುಂತಂಗ ಆಗ್ತದ. ನಿನಗ ಬೇಕಾದ್ರ ಓದು, ಇಲ್ಲಂದ್ರ ಬಿಡು."

"ಹಚ್ಚಿದ್ದು ಬಿಡಬಾರದು, ಹೂಂ ಇಲ್ದ ಓದಾಕ ಬರಂಗಿಲ್ಲ. ನಾ ಏನ್ ಮಾಡಲಿ?"

ಗೋಡೆಗೆ ಆತು ಕೂತಿದ್ದ ಮಾಣಿಕಮ್ಮ ಬಗ್ಗಿ, ಬಸುರಿಗೆ ಉಗುಳಲೆಂದು ಪಕ್ಕದಲ್ಲಿಟ್ಟಿದ್ದ ಬೂದಿಯ ಬುಟ್ಟಿಗೆ, "ಥೂ!" ಎಂದು ಉಗುಳಿದಳು. "ಹ್ಞಾಂ, ಮುಂದ ಓದಪ್ಪ."

ಅಲ್ಲಿಂದ ಹಾಗೆಯೇ ನಡೆಯಿತು. ಅವನು ರೊಟ್ಟಿ ತಿಂದ, ಥೂ. ಎಲ್ಲವೂ ಒಂದೇ ಎಂದ, ಥೂ. ಮೊದಲು ಮಗಳೊಬ್ಬಳೇ, ಆಮೇಲೆ ಭೀಮವ್ವ, ಆಮೇಲೆ ಪಡಸಾಲೆಗೆ ಪಡಸಾಲೆಯೇ. ಗೋಡೆಯಾಚೆ ನೂಲು ಒಣಗಿಸುತ್ತಿದ್ದ ಗಂಡಸರೂ ಬಂದು ಹೊಸ್ತಿಲಲ್ಲಿ ನಿಂತರು. ಬಾಗಿಲು ತೆರೆಯದೆ ಹೋದ ಬೆಳಗಿನ ಹಾಳೆ ಬಂದಾಗ ಮಾತ್ರ ಯಾರೂ ಉಗುಳಲಿಲ್ಲ. ಮಾಣಿಕಮ್ಮ ಕಣ್ಣು ಮುಚ್ಚಿ ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡಿದ್ದಳು. ಖಂಡೆಪ್ಪ ಒಂದಕ್ಷರ ಬಿಡದೆ ಓದಿದ. ಊರವರು ಕೇಳಿದಾಗ ಗಾಳಿಯ ಸದ್ದೆಂದು ತಿಳಿದೆ ಎಂದ ಗೋದಾಮಿನವನು. ಯಾರೂ ಅವನ ಕೊರಳಪಟ್ಟಿ ಹಿಡಿಯಲಿಲ್ಲ. ಚಹಾ ಕಾಸಿದ, ಕುಡಿದ, ಆರಿತ್ತು. ಪುಸ್ತಕ ಅಲ್ಲಿಗೇ ಮುಗಿದಿತ್ತು.

"ಮತ್ತ? ಅಂವಗ ಶಿಕ್ಷಾ?" ಎಂದಳು ಭೀಮವ್ವ.

"ಇಲ್ಲ."

"ದೇವರು?"

"ಬರಲೇ ಇಲ್ಲ ಚಿಗವ್ವ."

ಶರಣಬಸಮ್ಮ ಆರತಿ ತಟ್ಟೆ ಹಿಡಿದು ಒಳಗಿನಿಂದ ಬಂದು ನಿಂತಳು. ಮಂಗಳವಾದರೆ ಪುಸ್ತಕಕ್ಕೆ ಆರತಿ ಎತ್ತಬೇಕು.

"ಏ, ಆ ಹೊಲಸಿಗೆ ಆರತಿ ಮಾಡ್ತೀಯೇನ ನೀನು?" ಎಂದು ಭೀಮವ್ವ ಹರಿಹಾಯ್ದಳು.

"ಮಂಗಳ ಆಗದಿದ್ರ ಹೆಂಗ್ರಿ ಅತ್ತಿ? ಹರಕಿ ನನ್ನ ಮಗಳ ಸಲುವಾಗಿ ಹೊತ್ತದ್ದು," ಎಂದು ಶರಣಬಸಮ್ಮ ಅಳುವ ದನಿ ತೆಗೆದಳು.

ಮಾಣಿಕಮ್ಮ ಎದ್ದು ಬಂದು ತಟ್ಟೆ ಇಸಿದುಕೊಂಡಳು. ಪುಸ್ತಕವನ್ನು ದಾಟಿ ನಡೆದಳು. ಹೊಸ್ತಿಲ ಗಂಡಸರು ಪಕ್ಕಕ್ಕೆ ಸರಿದರು. ಅರ್ಧ ತೆರೆದಿದ್ದ ಬಾಗಿಲಿನ ಎರಡೂ ಕದಗಳನ್ನು ಗೋಡೆಗೆ ಬಡಿಯುವ ಹಾಗೆ ತಳ್ಳಿ, ಬಿಸಿಲು ಬಿಟ್ಟರೆ ಏನೂ ಇಲ್ಲದ ಓಣಿಗೆ ಮುಖಮಾಡಿ ಆರತಿ ಎತ್ತಿದಳು. "ಬಾರವ್ವ ಒಳಗ," ಎಂದಳು, ಬಾಗಿಲಿಗೆ ಬಂದ ಮುತ್ತೈದೆಯನ್ನು ಕರೆದ ಹಾಗೆ.

ಅವಳ ಬೆನ್ನ ಹಿಂದಿನಿಂದ ಭೀಮವ್ವನ ದನಿ ಬಂತು. "ಹೂಂ."

ಆಮೇಲೆ ಮಂಗಳ ಹಾಡಿದರು.

ಮಾಣಿಕಮ್ಮನಿಗೆ ಹೆಣ್ಣು ಕೂಸು ಹುಟ್ಟಿತು, ಗಟ್ಟಿಮುಟ್ಟಾದ್ದು. ಬಾಣಂತನ ಮುಗಿದ ಮೇಲೆ ಖಂಡೆಪ್ಪ ಪುಸ್ತಕದ ಭಂಡಾರವನ್ನು ಒರೆಸದೆ ಹಾಗೆಯೇ ತೆಗೆದುಕೊಂಡು ಹೋಗಿ ಹಣಮಯ್ಯನ ಮುಂದಿಟ್ಟ.

"ಹೆಂಗಿತ್ತು?"

"ಹೊಲಸಿತ್ರಿ. ಬರ್ದಂವ ಮಾತ್ರ ಸುಳ್ಳು ಬರ್ದಿಲ್ಲರಿ."

ಹಣಮಯ್ಯನ ಮುಖ ಅರಳಿತು. "ಇಂಥಾದೇ ಇನ್ನೊಂದು ಅದ. ಒಯ್ತೀಯೇನು?"

ಖಂಡೆಪ್ಪನ ಕೈ ಮುಂದೆ ಹೋಯಿತು. ಹೋದ ಕೈಯನ್ನು ನೋಡಿ ಅವನಿಗೇ ಅಸಹ್ಯವಾಯಿತು. "ಬ್ಯಾಡ್ರಿ," ಎಂದು ಹೊರಬಿದ್ದ. ಮುಂದಿನ ಸಂತೆಗೆ ಹೋದಾಗ ಅದನ್ನೂ ತಂದ ಎಂಬುದು ಬೇರೆ ಮಾತು. ಆದರೆ ಭಂಡಾರ ಹಚ್ಚಲಿಲ್ಲ, ಕಾಯಿ ಒಡೆಯಲಿಲ್ಲ. ಓದುವಾಗ ಪಕ್ಕದಲ್ಲೊಂದು ಬೂದಿಯ ಬುಟ್ಟಿ ಇಟ್ಟುಕೊಂಡ.

ಮುಪ್ಪಿನಲ್ಲಿ ಅವನಿಗೊಂದು ಚಟ ಅಂಟಿತ್ತು. ಊಟಕ್ಕೆ ಕೂತಾಗ ಬಾಗಿಲು ಸಪ್ಪಳವಾದರೆ ಸಾಕು, ಎಂಜಲು ಕೈಯಲ್ಲೇ ಎದ್ದು ಹೋಗಿ ಅಗುಳಿ ತೆಗೆಯುತ್ತಿದ್ದ.

"ಉಂಡು ಏಳ್ರಿ, ನಾಯಿ ಕೆರದದ," ಎಂದು ಶರಣಬಸಮ್ಮ ಬೈಯುತ್ತಿದ್ದಳು.

"ಇರಲಿ," ಎನ್ನುತ್ತಿದ್ದ ಖಂಡೆಪ್ಪ. ನಾಯಿ ಅವನಿಗಿಂತ ಮುಂಚೆ ತಾಟಿನ ಹತ್ತಿರ ಬಂದಿರುತ್ತಿತ್ತು.