ಮೂರನೆಯ ಸಾಲಿನ ಮಂಜೂರು

ಗಡಿಯಾಚೆ ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯಲ್ಲಿ ಅಣ್ಣಾಸಾಹೇಬರನ್ನು ಹುಡುಕಬೇಕಾದರೆ ಕಣ್ಣು ಬೇಡ, ಕಿವಿ ಸಾಕು. ದಲಾಲಿ ಮನೆತನದವರು. ಮೀಸೆ ಮೂಡುವ ಮೊದಲೇ ಲಿಲಾವು, ಅಂದರೆ ಹರಾಜು, ಕೂಗಲು ನಿಂತವರು. ಕಟ್ಟೆಯ ಈ ತುದಿಯಲ್ಲಿ ಅವರು ದರ ಕೂಗಿದರೆ ಆ ತುದಿಯಲ್ಲಿ ಚೀಲದ ಮೇಲೆ ಮಲಗಿದ್ದ ಹಮಾಲ ಎದ್ದು ಕೂರುತ್ತಿದ್ದ. ಇಂಥ ಗಂಟಲಿನ ಮನುಷ್ಯ ಜನ್ಮದಲ್ಲಿ ಒಂದೇ ಒಂದು ಮಾತನ್ನು ಊರಿಗೆ ಕೇಳಿಸಬೇಕೆಂದು ಹೊರಟರು. ಕೇಳಿಸಲಿಲ್ಲ. ಯಾಕೆ ಕೇಳಿಸಲಿಲ್ಲ ಅನ್ನುವುದನ್ನು ನೆನೆದರೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಮೊದಲು ಬ್ಯಾಂಕಿನ ಮಾತು. ಬೋರ್ಡಿನ ಮೇಲೆ ‘ಪೇಟೆ ಬಂಧು ಸಹಕಾರಿ ಬ್ಯಾಂಕ್’ ಎಂದಿದೆ. ಊರಿನ ಬಾಯಲ್ಲಿ ಅದು ಪ್ಯಾಟಿ ಬ್ಯಾಂಕು. ಅಣ್ಣಾಸಾಹೇಬರ ತಂದೆ ಸಿದ್ಧಲಿಂಗಪ್ಪನವರ ದಲಾಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಟ್ಟಿದ್ದು. ಕೊಲ್ಹಾಪುರದ ದೊಡ್ಡ ಬ್ಯಾಂಕುಗಳು ನೂಲ ಎಂಬ ಹಳ್ಳಿಯ ರೈತನನ್ನೂ ಉತ್ತೂರದ ಕುರಿಗಾರನನ್ನೂ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದ ಕಾಲ ಅದು. ಸಿದ್ಧಲಿಂಗಪ್ಪ ಮತ್ತು ಪೇಟೆಯ ನಾಲ್ಕಾರು ಮಂದಿ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಷೇರು ಕೂಡಿಸಿದರು. ರೊಕ್ಕವಿಲ್ಲ ಅಂದವರಿಂದ ಮೆಣಸಿನಕಾಯಿಯನ್ನೇ ತೂಗಿಸಿಕೊಂಡರು. ಮೊದಲ ಮ್ಯಾನೇಜರು ಚೀಲಗಳ ನಡುವೆ ಕೂತು ಸೀನುತ್ತ ಪಾಸ್‌ಬುಕ್ ಬರೆಯುತ್ತಿದ್ದರಂತೆ.

ಆಮೇಲೆ ಎರಡು ಮಹಡಿಯ ಕಟ್ಟಡ ಬಂತು, ಲಾಕರು ಬಂತು, ಇಚಲಕರಂಜಿಯಲ್ಲಿ ಶಾಖೆ ಬಂತು. ಒಂದು ರೂಢಿ ಮಾತ್ರ ಹಾಗೇ ಉಳಿಯಿತು. ಸಾಲ ಕೇಳಲು ಬಂದವರನ್ನು ‘ಯಾರ ಪೈಕಿ, ಯಾವ ಓಣಿ’ ಎಂದು ಕೇಳಿ, ಮುಖ ನೋಡಿ ಕೊಡುತ್ತಿದ್ದರು. ರೊಟ್ಟಿ ಬಡಿದು ಮಾರುವ ಚೆನ್ನವ್ವನಿಗೆ ಹಿಟ್ಟಿನ ಗಿರಣಿ ಬಂದದ್ದು ಹೀಗೆ. ಜಾಮೀನಿಗೆ ಯಾರೂ ಇಲ್ಲವೆಂದು ಅವಳು ಸೆರಗು ಹಿಂಡುತ್ತ ನಿಂತಾಗ ಮ್ಯಾನೇಜರು, “ನಿನ್ನ ರೊಟ್ಟಿ ತಿಂದೇನಲ್ಲವಾ, ಅದ ಜಾಮೀನು” ಎಂದು ಸಹಿ ಹಾಕಿದ್ದರು. ಅವಳೂ ಒಂದು ಕಂತು ತಪ್ಪಿಸಿದವಳಲ್ಲ.

ಇನ್ನು ಸಭೆಯ ಮಾತು. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಕೂಡುವ ಸಭೆ ಸಿದ್ಧಲಿಂಗಪ್ಪನವರ ಕಾಲದಲ್ಲಿ ಬಲು ಜೋರು. ಬಡ್ಡಿಯ ಅರ್ಧ ಪರ್ಸೆಂಟಿನ ಸಲುವಾಗಿ ಒಬ್ಬ ಅವರ ರುಮಾಲಿಗೇ ಕೈ ಹಾಕಿದ್ದನಂತೆ. ಅದನ್ನು ಅವರು ಸಾಯುವ ತನಕ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಮುಂದೆ ಸಭೆಗೆ ಊಟ ಬಂತು, ಊಟದ ಹಿಂದೆ ಉಡುಗೊರೆ ಬಂತು, ಜಗಳ ಹೋಯಿತು.

ಜಗಳ ಹೋದದ್ದರಲ್ಲಿ ಅಣ್ಣಾಸಾಹೇಬರ ಕೈವಾಡವೂ ಇತ್ತು. ಆಗಿನ್ನೂ ಹರೆಯ. ಯಾರೋ ಒಬ್ಬ ಎದ್ದು ಚಹಾದ ಖರ್ಚು ಯಾಕೆ ಇಷ್ಟಾಯಿತು ಎಂದು ಹಿಡಿದ ಪಟ್ಟು ಬಿಡುತ್ತಿಲ್ಲ. ಹಿಂದೆ ಊಟದ ಶಿರಾ ಆರುತ್ತಿದೆ, ಜನ ಮಿಸುಕಾಡುತ್ತಿದ್ದಾರೆ. ಮೂರನೆಯ ಸಾಲಿನ ತುದಿಯಲ್ಲಿದ್ದ ಅಣ್ಣಾಸಾಹೇಬರು ಎದ್ದರು, ಟೋಪಿ ಹಿಂದೆ ಸರಿಸಿದರು, ಬಲಗೈ ಎತ್ತಿ “ಮಂಜೂರ!” ಎಂದು ಲಿಲಾವಿನ ದನಿಯಲ್ಲಿ ಕೂಗಿದರು. ಇಡೀ ಸಭೆ ಹಿಂದಿನಿಂದ “ಮಂಜೂರ!” ಎಂದಿತು. ಪ್ರಶ್ನೆ ಕೇಳಿದವನು ಬಾಯಿ ತೆರೆದುಕೊಂಡೇ ಕೂತ. ಶಿರಾ ಬಿಸಿಬಿಸಿ ಸಿಕ್ಕಿತು.

ಮರುವರ್ಷದಿಂದ ಆ ಕುರ್ಚಿ ಅವರಿಗೇ ಮೀಸಲು. ಪ್ರತಿ ವಿಷಯಕ್ಕೂ ಅವರು ಏಳಬೇಕು, ಟೋಪಿ ಸರಿಸಬೇಕು, ಕೂಗಬೇಕು. ಬರಬರುತ್ತ ಜನ ಅವರ ಕೂಗಿಗೂ ಕಾಯುವುದನ್ನು ಬಿಟ್ಟರು. ಹಿಂದಿನ ಸಾಲಿನಲ್ಲಿ ಎಲೆಅಡಿಕೆ ಹಾಕಿಕೊಂಡು ಮಗಳ ಲಗ್ನದ ಮಾತಾಡುತ್ತಿದ್ದವರು ಬಿಳಿ ಟೋಪಿ ಮೇಲೆದ್ದದ್ದು ಕಂಡರೆ ಸಾಕು, ಮಾತು ಅಲ್ಲಿಗೇ ತಡೆದು “ಮಂಜೂರ!” ಎಂದು ಒದರಿ ಮತ್ತೆ ಲಗ್ನಕ್ಕೆ ತಿರುಗುತ್ತಿದ್ದರು. ಅಧ್ಯಕ್ಷರೂ ಪೂರ್ತಿ ಓದುವುದನ್ನು ಬಿಟ್ಟು ವಿಷಯದ ನಂಬರನ್ನಷ್ಟೇ ಹೇಳತೊಡಗಿದರು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು?

ಕೇಳುವವಳು ಒಬ್ಬಳಿದ್ದಳು, ಹೆಂಡತಿ ಬಾಳಕ್ಕ. ಸಭೆಯ ಉಡುಗೊರೆಯ ಸ್ಟೀಲಿನ ಡಬ್ಬಿ ಹಿಡಿದು ಮನೆಗೆ ಬಂದ ಗಂಡನನ್ನು ಪ್ರತಿ ವರ್ಷ ಹೊಸ್ತಿಲಲ್ಲೇ ಹಿಡಿಯುತ್ತಿದ್ದಳು.

“ಮನ್ಯಾಗ ಬದನಿಕಾಯಿ ಪಲ್ಯಾ ಮಾಡ್ಲೇನ್ರಿ ಅಂದ್ರ ಹತ್ತ ಪ್ರಶ್ನಿ ಕೇಳ್ತೀರಿ. ಅಲ್ಲಿ ಹ್ವಾದಕೂಡ್ಲೆ ಎಲ್ಲಾದಕ್ಕೂ ಮಂಜೂರ! ಇವತ್ತ ಯಾತಕ್ಕ ಮಂಜೂರ ಅಂದ್ರಿ, ಅದರೆ ಗೊತ್ತೈತೇನು?”

“ಗೊತ್ತೈತಲ್ಲ. ವಿಷಯ ನಂಬರ ಏಳಕ್ಕ.”

ಒಂದು ವರ್ಷದ ಆ ಏಳನೆಯ ವಿಷಯ ಇಚಲಕರಂಜಿಯ ಒಂದು ನೂಲಿನ ಗಿರಣಿಗೆ ಕೊಟ್ಟ ದೊಡ್ಡ ಸಾಲ. ಕೇಳಿದವರು ಅಧ್ಯಕ್ಷ ಜಿನಗೊಂಡರ ಗೆಳೆಯರು. ಗಿರಣಿ ಮುಳುಗಿತು, ಬ್ಯಾಂಕಿಗೂ ನೀರು ಕುಡಿಸಿತು. ಮೇಲಿನಿಂದ ಪತ್ರದ ಮೇಲೆ ಪತ್ರ ಬಂತು. ಕೊನೆಗೊಂದು ದಿನ ಅಣ್ಣಾಸಾಹೇಬರ ಮನೆಗೆ ವಿಶೇಷ ಸಭೆಯ ನೋಟೀಸು ಬಂತು. ವಿಷಯ ಒಂದೇ: ಪ್ಯಾಟಿ ಬ್ಯಾಂಕನ್ನು ಕೊಲ್ಹಾಪುರದ ಒಂದು ದೊಡ್ಡ ಬ್ಯಾಂಕಿನಲ್ಲಿ ವಿಲೀನಗೊಳಿಸುವುದು. ಸಭೆಗೆ ಬಂದವರಲ್ಲಿ ಮೂರು ಪಾಲಿಗೆ ಎರಡು ಪಾಲು ಜನ ಒಪ್ಪಬೇಕು.

ಅಣ್ಣಾಸಾಹೇಬರು ಬದುಕಿನಲ್ಲಿ ಮೊದಲ ಸಲ ನೋಟೀಸನ್ನು ಕೊನೆಯ ಸಾಲಿನವರೆಗೆ ಓದಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಬಂತಲ್ಲ! ಮರುದಿನವೇ ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗಿ ಆ ದೊಡ್ಡ ಬ್ಯಾಂಕಿನಲ್ಲಿ ಟೋಕನ್ ತೆಗೆದುಕೊಂಡು ಕೂತರು. ಗಾಜಿನ ಆಚೆ ಮಯೂರಿ ಎಂಬ ಹುಡುಗಿ. ಒಳ್ಳೆಯ ಹುಡುಗಿ, ನೀರು ತರಿಸಿಕೊಟ್ಟಳು. ಇವರು ತಮ್ಮ ದಲಾಲಿ ಮರಾಠಿಯಲ್ಲಿ ಚೆನ್ನವ್ವನ ಕತೆ ಹೇಳಿದರು. ಅವಳಿಗೀಗ ಶ್ಯಾವಿಗೆ ಮಶೀನಿಗೆ ಸಾಲ ಬೇಕು, ನಿಮ್ಮಲ್ಲಿ ಯಾರು ಅವಳ ಮುಖ ನೋಡಿ ಕೊಡುವವರು ಎಂದು ಕೇಳಿದರು.

“ತೇ ಸಿಸ್ಟೀಮ್ ಠರವತೆ, ಕಾಕಾ,” ಎಂದಳು ಮಯೂರಿ. ಅದನ್ನೆಲ್ಲ ಸಿಸ್ಟಮ್ಮೇ ನಿರ್ಧರಿಸುತ್ತದಂತೆ. ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನ ಹತ್ತಿರ ತಮ್ಮದೊಂದು ಶಾಖೆ ಇದ್ದೇ ಇದೆ, ಒಂದೇ ಊರಿಗೆ ಎರಡೆರಡು ಯಾಕೆ, ಪೇಟೆಯದನ್ನು ಮುಚ್ಚುತ್ತಾರೆ ಎಂದೂ ಸಹಜವಾಗಿ ಹೇಳಿದಳು. ಅಪ್ಪ ಸೈಕಲ್ ತುಳಿದು ಕಟ್ಟಿದ ಬ್ಯಾಂಕಿನ ಸಾವಿನ ಸುದ್ದಿಯನ್ನು ಮಗ ಟೋಕನ್ ಹಿಡಿದು ಕೇಳಿಸಿಕೊಂಡು ಬಂದಂತಾಯಿತು. ಅವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದರು. ತಿರುಗಿ ತಿರುಗಿ ಅದು ತಮ್ಮ ಮೇಲೆಯೇ ಬಂದು ಕೂರುತ್ತಿತ್ತು.

ಬ್ಯಾಂಕಿನ ಹಳೆಯ ಮ್ಯಾನೇಜರನ್ನು ಕಂಡರು. ಉಳಿಯುವ ದಾರಿ ಇದೆ ಎಂದರು ಅವರು. ಸದಸ್ಯರು ಇಟ್ಟ ಠೇವಣಿ ಕೀಳದೆ ಇನ್ನಷ್ಟು ಷೇರು ಹಾಕಿ, ನೂಲಿನ ಗಿರಣಿಯ ಒತ್ತೆ ಜಾಗವನ್ನು ಲಿಲಾವು ಮಾಡಿದರೆ ಬ್ಯಾಂಕು ಏಳುತ್ತದೆ. ಆದರೆ ಮೊದಲು ಸಭೆ ವಿಲೀನದ ಈ ಠರಾವನ್ನು ತಡೆಯಬೇಕು. ಲಿಲಾವು ಎಂದದ್ದೇ ತಡ, ಅಣ್ಣಾಸಾಹೇಬರಿಗೆ ಹರೆಯ ಬಂತು. “ಲಿಲಾವ ನಾ ಒದರತೇನಿ. ಸಭಾನೂ ನಾ ತಡೀತೇನಿ,” ಎಂದರು.

ಪೇಟೆ ತಿರುಗಿದರು, ನೂಲಕ್ಕೆ ಹೋದರು, ಉತ್ತೂರಕ್ಕೆ ಹೋದರು. ಎಲ್ಲ ಕಡೆ ಚಹಾ ಸಿಕ್ಕಿತು, ಒಪ್ಪಿಗೆ ಸಿಕ್ಕಿತು. ಅಷ್ಟು ಸುಲಭವಾಗಿ ಸಿಕ್ಕಿದ್ದನ್ನು ಕಂಡಾದರೂ ಸಂಶಯ ಬರಬೇಕಿತ್ತು, ಬರಲಿಲ್ಲ. ಉತ್ತೂರದ ಧೋಂಡಿಬಾ ಕುರಿ ಮೇಯಿಸುವುದನ್ನು ಬಿಟ್ಟು ಬಂದು ಕೈ ಹಿಡಿದುಕೊಂಡ. “ನಮಗ ಆ ಮರಾಠಿ ಕಾಗದ ಏನ್ ತಿಳೀತೈತ್ರಿ ಅಣ್ಣಾ? ನೀವ ಎದ್ದ ನಿಲ್ರಿ. ನಿಮ್ಮ ಹಿಂದ ನಾವ ಅದೇವಿ.” ಚೆನ್ನವ್ವನೂ ಗಿರಣಿಯ ಹಿಟ್ಟು ಒರೆಸಿಕೊಳ್ಳುತ್ತ ಅದನ್ನೇ ಹೇಳಿದಳು. “ನೀವ ಎದ್ರ ಸಾಕ್ರಿ. ನಾ ನಿಮ್ಮ ಹಿಂದ ಅದೇನಿ.”

ಬಾಳಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದಳು. “ಬ್ಯಾಡ ಅಂತ ಒದರೋದ ಅವರಿಗೆ ರೂಢಿ ಐತೇನ್ರಿ?”

“ನಾ ಅದೇನಲ್ಲ!” ಎಂದರು ಅಣ್ಣಾಸಾಹೇಬರು.

ಸಭೆಯ ದಿನ ಊರಿನ ಲಗ್ನಗಳಾಗುವ ಮಂಗಲ ಕಾರ್ಯಾಲಯದ ತುಂಬ ಜನ. ರೂಢಿಯಂತೆ ಅರ್ಧ ಜನ ಅಂಗಳದಲ್ಲೇ ನಿಂತಿದ್ದರಿಂದ ಹೊತ್ತಿಗೆ ಸರಿಯಾಗಿ ಕೋರಂ ಕೂಡಲಿಲ್ಲ. ರೂಢಿಯಂತೆ ಅರ್ಧ ತಾಸು ಮುಂದೂಡಿ ಅದೇ ಜಾಗದಲ್ಲಿ ಮತ್ತೆ ಶುರುವಾಯಿತು. ಹಿಂದೆ ಒಲೆಯ ಮೇಲೆ ಮಸಾಲೆ ಅನ್ನ, ಬಾಗಿಲಲ್ಲಿ ಉಡುಗೊರೆಯ ಚೀಲಗಳ ರಾಶಿ. ಮೂರನೆಯ ಸಾಲಿನ ಕುರ್ಚಿಯನ್ನು ಯಾರೋ ಒರೆಸಿಟ್ಟಿದ್ದರು. ಅಣ್ಣಾಸಾಹೇಬರು ಕೂತು ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಜೋಡಿಸಿಕೊಂಡರು. ಮೊದಲು ‘ತಡೀರಿ’ ಅನ್ನಬೇಕು. ಆಮೇಲೆ ಅಪ್ಪನ ಸೈಕಲ್, ಚೆನ್ನವ್ವನ ಗಿರಣಿ, ಲಿಲಾವು.

ಜಿನಗೊಂಡರು ಕೈ ಮುಗಿದೇ ಮಾತಾಡುವ ಮನುಷ್ಯ. ಮುಗಿದ ಕೈಯಲ್ಲೇ ಮೈಕು ಹಿಡಿದು, “ವಿಷಯ ನಂಬರ ಏಕ,” ಎಂದರು.

ಅಣ್ಣಾಸಾಹೇಬರು ಎದ್ದರು. ಹಣೆ ಬೆವರಿತ್ತು. ಬೆವರಿಗೆಂದು ಟೋಪಿ ಹಿಂದೆ ಸರಿಸಿದರು. ತಡೆಯಿರಿ ಎನ್ನಲು ಬಲಗೈ ಎತ್ತಿದರು. ಬಾಯಿ ಇನ್ನೂ ತೆರೆದಿರಲಿಲ್ಲ.

“ಮಂಜೂರ!”

ಮಾಡಿನ ತಗಡು ನಡುಗುವಂತೆ ಇಡೀ ಕಾರ್ಯಾಲಯ ಒದರಿತು. ಧೋಂಡಿಬಾ ಒದರಿದ, ನೂಲದವರು ಒದರಿದರು, ಪೇಟೆಯ ಹಮಾಲರು ಒದರಿದರು. “ತಡೀರಿ! ನಂದೊಂದ ಮಾತ ಐತಿ, ತಡೀರೀ!” ಎಂದು ಅಣ್ಣಾಸಾಹೇಬರು ಗಂಟಲು ಹರಿಯುವಂತೆ ಕೂಗಿದರು. ಅಷ್ಟರಲ್ಲಿ ನೂರಾರು ಕುರ್ಚಿಗಳು ಒಮ್ಮೆಲೇ ಹಿಂದೆ ಸರಿದಿದ್ದವು, ಮೈಕಿನಲ್ಲಿ ಆಭಾರ ಮನ್ನಣೆ ಶುರುವಾಗಿತ್ತು, ಜನ ಊಟದ ಪಾಳಿಗೆ ಓಡುತ್ತಿದ್ದರು. ಪೇಟೆಯನ್ನೇ ಎಬ್ಬಿಸುತ್ತಿದ್ದ ಗಂಟಲು ಪಕ್ಕದ ಕುರ್ಚಿಯವನಿಗೂ ಮುಟ್ಟಲಿಲ್ಲ. ಇಂಥ ಜನಕ್ಕೆ ಏನು ಹೇಳಬೇಕು! ಅವರನ್ನು ಹೀಗೆ ಪಳಗಿಸಿದವರಿಗಾದರೂ ಏನು ಹೇಳಬೇಕು!

ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿದರು. ಬ್ಯಾಂಕಿನ ಗುಮಾಸ್ತ ಧೀರಜ ಠರಾವಿನ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದ. ಸಭೆಗೆ ಮೊದಲೇ ಟೈಪಾಗಿ ಬಂದ ಹಾಳೆ. ‘ಸೂಚಕ’ ಎಂದಿದ್ದ ಕಡೆ ಅಣ್ಣಾಸಾಹೇಬರ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಬ್ಯಾಂಕನ್ನು ಮುಳುಗಿಸಬೇಕೆಂದು ಸಭೆಗೆ ಸೂಚಿಸಿದವರು ಅವರೇ.

“ನಾ ಮಂಜೂರ ಅಂದಿಲ್ಲ!” ಎಂದರು. ದನಿ ಒಡೆದಿತ್ತು.

ಜಿನಗೊಂಡರು ಕೈ ಮುಗಿದರು. “ನೀವ ಎದ್ರಿಲ್ಲೋ ಅಣ್ಣಾ?”

“ಎದ್ನಿ, ಖರೆ. ಬ್ಯಾಡ ಅನ್ನಾಕ ಎದ್ನಿ.”

“ಈಗ ಹಂಗಂದ್ರ ಹ್ಯಾಂಗ್ರಿ? ಪ್ರತಿ ವರ್ಷ ಸೂಚಕ ಅಂತ ನಿಮ್ಮದ ಹೆಸರು. ಈ ಸಲ ಬ್ಯಾರೆಯವರ್ನ ಹಾಕಿದ್ರ ನಿಮಗ ಬ್ಯಾಸರ ಆಗತಿತ್ತು. ಬೇಕಂದ್ರ ಮ್ಯಾಲ ಅರ್ಜಿ ಕೊಡ್ರಿ. ಆದ್ರ ಸೂಚಕನೇ ವಿರೋಧ ಮಾಡ್ಯಾನ ಅಂದ್ರ ನಕ್ಕಾರು ನೋಡ್ರಿ.”

ಆತ ಹೇಳಿದ್ದು ಸುಳ್ಳಾಗಿದ್ದರೆ ಅಣ್ಣಾಸಾಹೇಬರು ಕೊರಳಪಟ್ಟಿ ಹಿಡಿಯುತ್ತಿದ್ದರು. ಸುಳ್ಳಾಗಿರಲಿಲ್ಲ. ಅಪ್ಪನ ರುಮಾಲಿಗೆ ಕೈ ಹಾಕಿದವನು ನೆನಪಾದ. ಅಂಥ ಒಬ್ಬನಾದರೂ ಇವತ್ತು ಈ ಕಾರ್ಯಾಲಯದಲ್ಲಿ ಇರಬಾರದಾಗಿತ್ತೇ ಅನ್ನಿಸಿತು. ಇದ್ದಿದ್ದರೆ ಅವನ ಬಾಯಿಯನ್ನು ತಾವೇ ಎಂದೋ ಮುಚ್ಚಿಸಿರುತ್ತಿದ್ದರು.

ಕೆಳಗಿಳಿದಾಗ ಚೆನ್ನವ್ವ ಉಡುಗೊರೆಯ ಚೀಲ ಬಗಲಲ್ಲಿಟ್ಟುಕೊಂಡು ಜನರ ನಡುವಿನಿಂದ ನುಗ್ಗಿ ಬಂದಳು. ಒದರಿದ ಭರಕ್ಕೆ ಗಂಟಲು ಕಟ್ಟಿತ್ತು, ಮುಖ ಮಾತ್ರ ಅರಳಿತ್ತು.

“ಅಣ್ಣಾ, ಕೇಳಿತೇನ್ರಿ? ನಿಮ್ಮ ಟೋಪಗಿ ಮ್ಯಾಲ ಆತೋ ಇಲ್ಲೋ, ಎಲ್ಲಾರಕಿಂತ ಮೊದಲ ಒದರಿದ್ನಿ. ನಾ ಹೇಳಿದ್ನಿಲ್ಲೋ, ನಿಮ್ಮ ಹಿಂದ ಅದೇನಿ ಅಂತ! ಈಗ ನನ್ನ ಶ್ಯಾವಿಗಿ ಮಶೀನ ಬರತೈತೇನ್ರಿ?”

ಅಣ್ಣಾಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಮೊದಲ ಉಂಡ ಬಾರವಾ,” ಎಂದರು.