ಐದು ಸಲ ಒಗೆದ ಧ್ವನಿ

ಬೀದಿಯವರು ಅವನಿಗೆ ಸುಯ್ಯಪ್ಪ ಎಂದು ಹೆಸರಿಟ್ಟಿದ್ದರು. ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಗದ್ದಲ ತೆಗೆದುಕೊಡುವುದು ಅವನ ಕಸುಬು. ಯಾರು ಏನೇ ತರಲಿ, ಹೆಡ್‌ಫೋನ್ ಹಾಕಿಕೊಂಡು ಮೊದಲು ಅನ್ನುವ ಮಾತು ಒಂದೇ: "ಸುಯ್ ಅಂತಿದೆ ಕಣ್ರೀ." ಇಪ್ಪತ್ತು ವರ್ಷ ಇದೇ ಮಾತು. ಹೆಸರು ಅಂಟಿಕೊಳ್ಳದೆ ಇರುತ್ತದೆಯೇ!

ಕೆಲಸವೇನೋ ಬಟ್ಟೆ ಒಗೆದ ಹಾಗೇ. ಟೇಪಿನಲ್ಲಿ ಯಾರೂ ಮಾತಾಡದ ಎರಡು ಕ್ಷಣ ಹುಡುಕಬೇಕು. ಅಲ್ಲಿ ಬರೀ ಸುಯ್ ಇರುತ್ತದೆ. 'ಇದೇ ನೋಡು ಕೊಳೆ' ಎಂದು ಕಂಪ್ಯೂಟರಿಗೆ ತೋರಿಸಿದರೆ ಸಾಕು, ಉದ್ದಕ್ಕೂ ಅದನ್ನು ಉಜ್ಜಿ ತೆಗೆಯುತ್ತದೆ. ಒಂದೇ ಒಗೆತ. ಹೆಚ್ಚು ಉಜ್ಜಿದರೆ ಬಟ್ಟೆಯೇ ಪಿಸಿಯುತ್ತದೆ, ಮಾತೂ ಅಷ್ಟೇ. ಊರಿಗೆಲ್ಲ ಹೀಗೆ ಪಾಠ ಹೇಳುತ್ತಿದ್ದವನು ಈಚೆಗೆ ತಾನೇ ನಾಲ್ಕು ಐದು ಸಲ ಒಗೆಯತೊಡಗಿದ್ದ. ಎಷ್ಟು ತೆಗೆದರೂ ಸುಯ್ ಹೋಗುತ್ತಿರಲಿಲ್ಲ. ಹಾಳು ಟೇಪುಗಳು ಎಂದು ಬೈಯುತ್ತ, ಬೆನ್ನು ಹಿಡಿದುಕೊಳ್ಳುವವರೆಗೂ ಕೂರುತ್ತಿದ್ದ. ಸಾಕುಸಾಕಾಗಿ ಹೋಗಿತ್ತು, ಪಾಪ.

ಅವತ್ತು ದರ್ಜಿ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ತೀರಿಹೋದ ಅಣ್ಣನ ಮಾತನ್ನು ಹೋದ ವಾರ ಒಗೆಸಿಕೊಂಡು ಹೋಗಿದ್ದವನು.

"ಏನ್ರೀ ಇದು, ನಮ್ಮಣ್ಣ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿದೆ!"

"ಟೇಪೇ ಹಾಗಿತ್ತು, ನಾನೇನು ಮಾಡ್ಲಿ?" ಸುಯ್ಯಪ್ಪ ಹೆಡ್‌ಫೋನ್ ಹಾಕಿಕೊಂಡು ಅದನ್ನು ಮತ್ತೆ ಕೇಳಿದ. "ಇನ್ನೂ ಸುಯ್ ಅಂತಾನೇ ಇದೆ."

"ಎಲ್ರೀ ಸುಯ್?"

ಸುಯ್ಯಪ್ಪನಿಗೆ ಬುತ್ತಿ ತಂದಿದ್ದ ಹೆಂಡತಿ ಹೆಡ್‌ಫೋನ್ ಕಸಿದುಕೊಂಡಳು. ದಾಕ್ಷಿಣ್ಯಕ್ಕೂ ಒಂದು ಸುಳ್ಳಾಡದ ಹೆಂಗಸು ಅವಳು.

"ಸುಯ್ಯೂ ಇಲ್ಲ, ಗುಯ್ಯೂ ಇಲ್ಲ ರೀ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅವರು ಹೇಳೋದೇ ಸರಿ, ಮಾತೇ ಸವೆದುಹೋಗಿದೆ."

ಅವನು ಕಂಪ್ಯೂಟರ್ ಆರಿಸಿದ. ಫ್ಯಾನ್ ನಿಲ್ಲಿಸಿದ. ಕಿಟಕಿ ಮುಚ್ಚಿದ. ಸುಯ್ ಹಾಗೇ ಇತ್ತು. ಅದು ಇದ್ದದ್ದು ಅವನ ಕಿವಿಯೊಳಗೆ.

ಒಗೆಯದ ಪ್ರತಿಯನ್ನು ಒಂದು ತಿಂಗಳು ಇಟ್ಟುಕೊಳ್ಳುವುದು ಅಂಗಡಿಯ ಪದ್ಧತಿ. ಕಂಪ್ಯೂಟರ್ ಮತ್ತೆ ಹಚ್ಚಿ ಅದನ್ನೇ ಕೇಳಿಸಿದ. "ಹಾಂ, ಇದು ನಮ್ಮಣ್ಣ! ಸ್ವಲ್ಪ ಸುಯ್ ಅಂದರೆ ಅನ್ನಲಿ ಬಿಡಿ," ಎಂದ ದರ್ಜಿ. ಕಣ್ಣೊರೆಸಿಕೊಂಡು, ಪ್ರತಿ ಇಸಿದುಕೊಂಡು ಹೊರಟುಹೋದ.

ಆಗ ಸುಯ್ಯಪ್ಪನಿಗೆ ನೆನಪಾಯಿತು. ತನ್ನ ಅಮ್ಮನ ಕ್ಯಾಸೆಟ್ಟು! ಅಮ್ಮ ಹೋದಮೇಲೆ ಅವಳ ಧ್ವನಿ ಉಳಿದಿದ್ದದ್ದು ಅದೊಂದರಲ್ಲೇ. ಹೋದ ವರ್ಷ ಅದನ್ನೂ ಐದು ಸಲ ಒಗೆದಿದ್ದ. ಬೂಷ್ಟು ಹಿಡಿದಿದೆಯೆಂದು ಟೇಪನ್ನು ಎಸೆದಿದ್ದ. ಕೊಳೆ ಇಟ್ಟುಕೊಂಡು ಏನು ಮಾಡುವುದೆಂದು ಒಗೆಯದ ಪ್ರತಿಯನ್ನೂ ಅಳಿಸಿಹಾಕಿದ್ದ.

"ಇಲ್ಲಿ ಬಾರೇ," ಎಂದ. "ಅಮ್ಮಂದು ಹಾಕ್ತೀನಿ, ಕೇಳು. ನಿಜ ಹೇಳ್ಬೇಕು. ನನ್ನ ಕಿವಿ ಇನ್ನು ನಂಬೋ ಹಾಗಿಲ್ಲ."

ಅವಳು ಹೆಡ್‌ಫೋನ್ ಹಾಕಿಕೊಂಡು ಕಿಟಕಿಯತ್ತ ಮುಖ ಮಾಡಿ ಕೂತಳು. ಅವನು ಅಮ್ಮನ ಧ್ವನಿ ಹುಡುಕಿ ತೆರೆದ. ಬೆರಳು ಗುಂಡಿಯ ಮೇಲೆ ಹೋಗಿ ನಿಂತುಬಿಟ್ಟಿತು. ಒತ್ತಲು ಧೈರ್ಯ ಸಾಲಲಿಲ್ಲ. ಅವಳು ಬಹಳ ಹೊತ್ತು ಅಲುಗಾಡದೆ ಕಿವಿಗೊಟ್ಟು ಕೂತಿದ್ದಳು.

"ಚೆನ್ನಾಗಿದೆ ರೀ," ಎಂದಳು ಕೊನೆಗೆ. "ಅತ್ತೆ ಹೇಗಿದ್ದರೋ ಹಾಗೇ ಕೇಳಿಸ್ತಾರೆ."

ಅವನಿನ್ನೂ ಗುಂಡಿ ಒತ್ತಿರಲೇ ಇಲ್ಲ.

"ಹೌದಾ? ಸದ್ಯ," ಎಂದು ಕಂಪ್ಯೂಟರ್ ಆರಿಸಿ, ಅವಳ ಪಕ್ಕ ಬಂದು ಕೂತ.